ಜಪಾನ್ ಇರುವ ಮೂಲೆ

ಬೆಂಗಳೂರಿನ ಉತ್ತರಹಳ್ಳಿಯಲ್ಲಿ ಬೋರಣ್ಣನವರ ಮನೆಯ ತಾರಸಿಗೆ ಶಿವರಾತ್ರಿ ಕಳೆದ ಮೇಲೆ ಗಂಡಸರು ಕಾಲಿಡುವಂತಿಲ್ಲ. ಇದು ಸರ್ಕಾರದ ಕಾನೂನಲ್ಲ, ಬೋರಣ್ಣನವರ ಹೆಂಡತಿ ಮಂಗಮ್ಮನವರ ಕಾನೂನು. ಸರ್ಕಾರದ ಕಾನೂನಾದರೆ ವಕೀಲರಾದರೂ ಸಿಗುತ್ತಾರೆ. ಆ ಬೀದಿಯಲ್ಲೆಲ್ಲ ಎತ್ತರದ ತಾರಸಿ, ಒಳ್ಳೆಯ ಬಿಸಿಲಿನ ತಾರಸಿ ಅದೊಂದೇ. ಹೀಗಾಗಿ ಮೊದಲ ಮಳೆ ಬೀಳುವವರೆಗೆ ಅರ್ಧ ಬೀದಿಯ ಹಪ್ಪಳ, ಅರಳು ಸಂಡಿಗೆ, ಬಾಳಕದ ಮೆಣಸಿನಕಾಯಿ ಎಲ್ಲವೂ ಅಲ್ಲೇ ಒಣಗಬೇಕು. ಒಂದು ವರ್ಷ ಬೋರಣ್ಣನವರು ಫೋನಿನಲ್ಲಿ ಸೈಟಿನ ವ್ಯಾಪಾರ ಮಾತಾಡುತ್ತಾ ಎದುರು ಮನೆಯವರ ಸಬ್ಬಕ್ಕಿ ಸಂಡಿಗೆಯ ಮೇಲೆ ಉದ್ದಕ್ಕೂ ಅಡ್ಡಕ್ಕೂ ನಡೆದಾಡಿಬಿಟ್ಟಿದ್ದರು. ಸೈಟೇನೋ ಮಾರಾಟವಾಯಿತು, ಆದರೆ ಅಂದಿನಿಂದ ತಾರಸಿಯ ಬೀಗದ ಕೈ ಮಂಗಮ್ಮನವರ ಸೊಂಟಕ್ಕೆ ಏರಿತು.

ಇದೇ ತಾರಸಿಯ ನಟ್ಟನಡುವೆ ಶಶಿಧರನ ಆಂಟೆನಾ ಇತ್ತು.

ಶಶಿಧರ ಬೋರಣ್ಣನವರ ಮೊದಲನೇ ಮಹಡಿಯ ಬಾಡಿಗೆದಾರ. ಜಯನಗರದಲ್ಲಿ ಪಂಪ್‌ಸೆಟ್ ಮಾರುವ ಕಂಪನಿಯೊಂದರಲ್ಲಿ ಲೆಕ್ಕಪತ್ರ ನೋಡುವ ಕೆಲಸ. ಅವನ ಬಾಳಿನ ದೊಡ್ಡ ದುಃಖವೆಂದರೆ ಅವನ ಮಾತನ್ನು ಯಾರೂ ಪೂರ್ತಿ ಕೇಳುತ್ತಿರಲಿಲ್ಲ. ಕಚೇರಿಯಲ್ಲಿ ಅವನು ವಾಕ್ಯದ ಕ್ರಿಯಾಪದ ಮುಟ್ಟುವ ಮೊದಲೇ ಮ್ಯಾನೇಜರು ಎದ್ದು ಹೋಗಿರುತ್ತಿದ್ದರು. ಮನೆಯಲ್ಲಿ ಹೆಂಡತಿ ಶಾಂತಲಾ ಅವನ ಮಾತನ್ನು ತಾನೇ ಮುಗಿಸುತ್ತಿದ್ದಳು, ಅದೂ ಅವನಿಗಿಂತ ಚೆನ್ನಾಗಿ. ಹವ್ಯಾಸಿಗಳು ದೇಶ ದೇಶಗಳ ನಡುವೆ ಮಾತಾಡಿಕೊಳ್ಳುವ ಹ್ಯಾಮ್ ರೇಡಿಯೊದಲ್ಲಿ ಮಾತ್ರ ಹಾಗಿಲ್ಲ. ಅಲ್ಲಿ ಅವನು ‘ಓವರ್’ ಎನ್ನುವ ತನಕ ಎದುರಿನವನು ಕಾಯಲೇಬೇಕು. ಪರೀಕ್ಷೆ ಬರೆದು, ಸರ್ಕಾರದ ಲೈಸೆನ್ಸ್ ಪಡೆದು, ಬೋನಸ್ಸನ್ನೆಲ್ಲ ಸುರಿದು ಶಶಿಧರ ಕೊಂಡುಕೊಂಡದ್ದು ಈ ಒಂದು ಸುಖವನ್ನು. ಜಪಾನಿನ ಒಸಾಕಾ ಊರಿನ ನಕಮುರ ಎಂಬ ಮುದುಕರು ಭಾನುವಾರ ಸಾಯಂಕಾಲ ರೇಡಿಯೊಗೆ ಬಂದು, ‘ಶಶಿ ಸಾನ್’ ಎಂದು ಜಪಾನಿನ ಮರ್ಯಾದೆಯಲ್ಲಿ ಕರೆದು, ಇವನ ಕುಂಡದ ಟೊಮ್ಯಾಟೊ ಗಿಡ ಹೇಗಿದೆ ಎಂದು ಕೇಳುತ್ತಿದ್ದರು. ಇವನು ಹೇಳುತ್ತಿದ್ದ. ಅವರು ಪೂರ್ತಿ ಕೇಳುತ್ತಿದ್ದರು.

ಇಂಥ ಸುಖಕ್ಕೆ ಒಂದು ಷರತ್ತು ಇದೆ. ಯಾವ ದೇಶದ ಜೊತೆ ಮಾತೋ ಆ ದೇಶದ ಕಡೆಗೆ ಆಂಟೆನಾ ಮುಖ ಮಾಡಿರಬೇಕು. ಅದನ್ನು ತಿರುಗಿಸಲು ಕಂಬದ ಮೇಲೆ ರೊಟೇಟರ್ ಎಂಬ ಮೋಟಾರು. ಆ ಮೋಟಾರಿಗೆ ಅಪ್ಪಣೆ ಕೊಡಲು ಶಶಿಧರನ ಕೋಣೆಯಲ್ಲಿ ಒಂದು ಕಂಟ್ರೋಲರ್ ಡಬ್ಬಿ. ಡಬ್ಬಿಯ ಮುಖದ ಮೇಲೆ ದಿಕ್ಕುಗಳನ್ನು ತೋರಿಸುವ ಒಂದು ಮುಳ್ಳು, ಕೆಳಗೆ ಎಡಕ್ಕೊಂದು ಬಲಕ್ಕೊಂದು ಗುಂಡಿ. ಶಶಿಧರನಿಗೆ ಕಣ್ಣಿಗಿಂತ ಮುಳ್ಳಿನ ಮೇಲೆ ನಂಬಿಕೆ ಹೆಚ್ಚು. ಮಳೆ ಬರುತ್ತಿದೆಯೇ ಎಂದು ತಿಳಿಯಲು ಅವನು ಕಿಟಕಿ ನೋಡುತ್ತಿರಲಿಲ್ಲ, ಫೋನ್ ನೋಡುತ್ತಿದ್ದ. ಫೋನು ಇಲ್ಲ ಎಂದರೆ ಛತ್ರಿ ಬಿಟ್ಟು ಹೊರಟು, ನೆನೆದು ಬಂದು, ‘ಇದು ಮಳೆ ಅಲ್ಲ, ತುಂತುರು’ ಎನ್ನುತ್ತಿದ್ದ.

ರಗಳೆ ಶುರುವಾದದ್ದು ಬಡಾವಣೆ ಸಂಘದ ಸಭೆಯಲ್ಲಿ. ಸಂಘದ ಕಾರ್ಯದರ್ಶಿ, ಎದುರು ಮನೆಯ ಗಿರಿಜಾದೇವಿಯವರು ನಿವೃತ್ತ ಮುಖ್ಯೋಪಾಧ್ಯಾಯಿನಿ. ಅವರು ನಿವೃತ್ತರಾದದ್ದು ಶಾಲೆಯಿಂದ ಮಾತ್ರ.

“ಮಿಸ್ಟರ್ ಶಶಿಧರ್, ನಿಮ್ಮ ಆ ಟವರ್ ಬಂದ ಮೇಲೆ ನಮ್ಮನೆ ಕರಿಬೇವಿನ ಗಿಡ ಚಿಗುರೇ ಇಲ್ಲ. ರೇಡಿಯೇಷನ್.”

“ಮೇಡಂ, ಅದು ಟವರ್ ಅಲ್ಲ, ಆಂಟೆನಾ...”

“ಹೆಸರು ಬದಲಾಯಿಸಿದ್ರೆ ವಿಷ ಕಡಿಮೆ ಆಗುತ್ತಾ?”

ಬೋರಣ್ಣನವರ ಪಕ್ಕದ ಮನೆಯ ಪಿಳ್ಳಪ್ಪ ಎದ್ದರು. ಒಂದು ಕಾಲಕ್ಕೆ ಸೌತೆಕಾಯಿ ಬೆಳೆಯುತ್ತಿದ್ದ ತೋಟದಲ್ಲಿ ಈಗ ಬಾಡಿಗೆ ಮನೆಗಳನ್ನು ಬೆಳೆಸಿಕೊಂಡು ಆರಾಮಾಗಿದ್ದವರು. “ನನ್ನ ಮಂಡಿನೋವೂ ಆಗಿಂದ್ಲೇ ಸಾರ್ ಶುರುವಾಗಿದ್ದು. ಅದು ನಮ್ಮನೆ ಕಡೀಕೆ ತಿರುಗಿದ್ರೆ ಸಾಕು, ಚುಳ್ ಅಂತೈತೆ.”

“ಹೋಗ್ಲಿ, ಅದ್ರಿಂದ ಬೀದಿಗೆ ಏನು ಉಪಯೋಗ ಹೇಳಿ,” ಎಂದರು ಗಿರಿಜಾದೇವಿ.

ಪ್ರವಾಹವೋ ಭೂಕಂಪವೋ ಆಗಿ ಎಲ್ಲ ಫೋನುಗಳೂ ಸತ್ತಾಗ ಹ್ಯಾಮ್‌ಗಳೇ ಸುದ್ದಿ ಮುಟ್ಟಿಸುವುದು ಎಂದು ಶಶಿಧರ ಹೇಳಹೊರಟ. ‘ಪ್ರವಾಹ’ ಎನ್ನುತ್ತಲೇ ಸಭೆ ಚರಂಡಿ ಹೂಳಿನ ವಿಷಯಕ್ಕೆ ಹೊರಳಿತು. ಮಾತು ಮತ್ತೆ ನಡುವೆಯೇ ಕಡಿದುಹೋದದ್ದನ್ನು ಕಂಡು ಅವನಿಗೆ ರೋಷ ಉಕ್ಕಿತು. ಕುರ್ಚಿಯ ಮೇಲೆ ಕೈ ಬಡಿದು ಕೂಗಿದ.

“ಭಾನುವಾರ ಸಾಯಂಕಾಲ ಐದು ಗಂಟೆಗೆ ಎಲ್ರೂ ನಮ್ಮನೆಗೆ ಬನ್ನಿ! ಇಂಟರ್ನೆಟ್ ಇಲ್ಲದೆ, ಸಿಮ್ ಇಲ್ಲದೆ, ಜಪಾನ್ ಕೇಳಿಸ್ತೀನಿ!”

ಗಿರಿಜಾದೇವಿ ಕನ್ನಡಕ ಏರಿಸಿಕೊಂಡರು. “ಕೇಳಿಸದೆ ಹೋದ್ರೆ?”

“ಸೋಮವಾರ ಬೆಳಿಗ್ಗೆ ನಾನೇ ಕಂಬ ಇಳಿಸ್ತೀನಿ.”

ಬಾಡಿಗೆದಾರನನ್ನೂ ಬಿಡಲಾರದೆ ಬೀದಿಯವರನ್ನೂ ಎದುರು ಹಾಕಿಕೊಳ್ಳಲಾರದೆ ಒದ್ದಾಡುತ್ತಿದ್ದ ಬೋರಣ್ಣನವರಿಗೆ ಹೋದ ಜೀವ ಬಂದಂತಾಯಿತು. “ಆಯ್ತು ಬುಡಿ, ಎಲ್ರ ಮುಂದೆ ಮಾತಾಗೋಯ್ತು,” ಎಂದು ಸಭೆಯನ್ನು ಅವರೇ ಮುಗಿಸಿದರು.

ಗುರುವಾರ ಸಂಜೆ ಶಶಿಧರ ಕೋಣೆಯಲ್ಲಿ ಕೂತು, ಜಪಾನ್ ಇರುವ ಈಶಾನ್ಯದ ಕಡೆಗೆ ಆಂಟೆನಾ ತಿರುಗಿಸೋಣವೆಂದು ಬಲಗಡೆ ಗುಂಡಿ ಒತ್ತಿದ. ಮುಳ್ಳು ದಕ್ಷಿಣದಲ್ಲಿ ಮಲಗಿತ್ತು. ಒಂದಿಡೀ ನಿಮಿಷ ಒತ್ತಿದ. ಮುಳ್ಳು ಮಿಸುಕಲಿಲ್ಲ. ಎಡಗಡೆ ಗುಂಡಿಯನ್ನು ಇನ್ನೊಂದು ನಿಮಿಷ ಒತ್ತಿದ. ಮುಳ್ಳಿಗೆ ನಿದ್ದೆ ಇನ್ನಷ್ಟು ಹತ್ತಿದಂತಿತ್ತು.

“ಶಾಂತಾ, ಮೋಟಾರು ಹೋಯ್ತು,” ಎಂದ.

ಶಾಂತಲಾ ಬಂದು ನೋಡಿದಳು. “ಬಿದ್ದಿರೋದೂ ನೋಡಿ, ಯಮನ ದಿಕ್ಕಿಗೆ.”

ನಿಜ ಸಂಗತಿಯನ್ನು ಓದುಗರಿಗೆ ಈಗಲೇ ಹೇಳಿಬಿಡುವುದು ವಾಸಿ, ಇಲ್ಲದಿದ್ದರೆ ನೀವೂ ಶಶಿಧರನಂತೆ ಕಂಗಾಲಾಗುತ್ತೀರಿ. ಮೋಟಾರು ಗುಂಡುಕಲ್ಲಿನಂತೆ ಗಟ್ಟಿಯಾಗಿಯೇ ಇತ್ತು. ಕೆಟ್ಟಿದ್ದು ಅದು ಎತ್ತ ತಿರುಗಿದೆಯೆಂದು ಕೆಳಗಿನ ಮುಳ್ಳಿಗೆ ತಿಳಿಸುವ ಭಾಗ ಮಾತ್ರ. ಮುಳ್ಳು ಕೋಣೆಯಲ್ಲಿ ಸತ್ತು ಮಲಗಿದ್ದರೆ ತಾರಸಿಯಲ್ಲಿ ಆಂಟೆನಾ ಮದುವಣಗಿತ್ತಿಯಂತೆ ಪ್ರದಕ್ಷಿಣೆ ಹಾಕುತ್ತಿತ್ತು. ಇಷ್ಟೇ ಆಗಿದ್ದರೆ ಹೊರಗೆ ಹೋಗಿ ನೋಡಿದವನಿಗೆ ಗೊತ್ತಾಗುತ್ತಿತ್ತು. ಆದರೆ ಆ ಮೋಟಾರಿಗೆ ದಕ್ಷಿಣದಲ್ಲಿ ಒಂದು ತಡೆ ಇದೆ. ದಕ್ಷಿಣದಿಂದ ಹೊರಟು ಒಂದು ನಿಮಿಷದಲ್ಲಿ ಊರೆಲ್ಲ ಸುತ್ತಿ ಮತ್ತೆ ದಕ್ಷಿಣಕ್ಕೇ ಬಂದು ನಿಲ್ಲುತ್ತದೆಯೇ ಹೊರತು ಅದನ್ನು ದಾಟುವುದಿಲ್ಲ. ನಮ್ಮ ಶಶಿಧರನೋ ತಾಳ್ಮೆಯ ಮನುಷ್ಯ, ಒತ್ತಿದರೆ ಪೂರ್ತಿ ಒತ್ತುವವನು. ಒತ್ತಿ, ಚಪ್ಪಲಿ ಮೆಟ್ಟಿಕೊಂಡು ಬೀದಿಗಿಳಿದು ತಲೆಯೆತ್ತಿದರೆ ಆಂಟೆನಾ ದಕ್ಷಿಣಕ್ಕೆ ಮುಖ ಮಾಡಿ ನಿಂತಿರುತ್ತಿತ್ತು. ಮುಳ್ಳೂ ದಕ್ಷಿಣ, ಆಂಟೆನಾವೂ ದಕ್ಷಿಣ. ಇನ್ನೇನು ಸಾಕ್ಷಿ ಬೇಕು?

ತಾರಸಿಗೆ ಹತ್ತಿ ಮೋಟಾರು ಬಿಚ್ಚಿ ನೋಡೋಣವೆಂದು ಮಂಗಮ್ಮನವರ ಮುಂದೆ ಹೋಗಿ ನಿಂತ.

“ಅಮ್ಮಾ, ಐದೇ ನಿಮಿಷ. ಬೀಗದ ಕೈ ಕೊಟ್ರೆ...”

“ಅರಳು ಸಂಡಿಗೆ ಇವತ್ತು ಹಾಕಿವ್ನಿ. ಭಾನುವಾರ ಕತ್ತಲಾಗಗಂಟ ಗಂಡಸ್ರ ನೆರಳೂ ಬೀಳಂಗಿಲ್ಲ.”

“ಪಕ್ಕದಲ್ಲೇ ಅಂಚಿಗೆ ಕಾಲಿಟ್ಕೊಂಡು...”

“ನಮ್ಮೆಜಮಾನ್ರೂ ಅಂಚಿಗೇ ಕಾಲಿಟ್ಟಿದ್ದು.”

ಶುಕ್ರವಾರ ಶಶಿಧರ ರಜೆ ಹಾಕಿದ. ಡಬ್ಬಿ ಬಿಚ್ಚಿದ. ಫ್ಯೂಸ್ ಬದಲಾಯಿಸಿದ, ಗುಂಡಿ ಒತ್ತಿ ನೋಡಿದ. ಎಲೆಕ್ಟ್ರಾನಿಕ್ ಸಾಮಾನು ಸಿಗುವ ಎಸ್.ಪಿ. ರಸ್ತೆಗೆ ಹೋಗಿ, ಮೋಟಾರಿಗೆ ಮೊದಲ ತಳ್ಳು ಕೊಡುವ ಕೆಪಾಸಿಟರ್ ತಂದು ಹಾಕಿದ, ಗುಂಡಿ ಒತ್ತಿ ನೋಡಿದ. ವೈರುಗಳನ್ನು ಒಂದೊಂದಾಗಿ ಕೆರೆದು ಮತ್ತೆ ಕಟ್ಟಿದ, ಮತ್ತೆ ಒತ್ತಿ ನೋಡಿದ. ಅವನು ಒತ್ತಿ ನೋಡಿದಾಗಲೆಲ್ಲ ಆಂಟೆನಾ ಗಿರಿಜಾದೇವಿಯವರ ಮಲಗುವ ಕೋಣೆ, ಪಿಳ್ಳಪ್ಪನವರ ಜಗಲಿ, ಮೂಲೆ ಅಂಗಡಿ, ಎಲ್ಲವನ್ನೂ ಒಂದು ಸುತ್ತು ನೋಡಿಕೊಂಡು ಬರುತ್ತಿತ್ತು.

ಬೀದಿ ಸುಮ್ಮನೆ ಇರುತ್ತದೆಯೇ? ಗಿರಿಜಾದೇವಿ ಫೋನ್ ಮಾಡಿದರು.

“ಮಿಸ್ಟರ್ ಶಶಿಧರ್, ನಿಮ್ಮ ಆಂಟೆನಾ ಬೆಳಗ್ಗಿಂದ ನಮ್ಮ ಕಿಟಕಿ ಹತ್ರ ಬಂದು ಬಂದು ಹೋಗ್ತಿದೆ.”

“ಸಾಧ್ಯಾನೇ ಇಲ್ಲ ಮೇಡಂ. ಅದು ಕೆಟ್ಟು ಹೋಗಿದೆ. ನಿನ್ನೆಯಿಂದ ಒಂದಿಂಚೂ ಅಲ್ಲಾಡಿಲ್ಲ.”

“ನಾನು ನೋಡ್ತಾ ಇದೀನಿ. ಈಗ! ಈಗ ತಿರುಗ್ತಾ ಇದೆ!”

ಶಶಿಧರ ಎಡಗೈಯಲ್ಲಿ ಫೋನು, ಬಲಗೈಯಲ್ಲಿ ಗುಂಡಿ ಹಿಡಿದು ಮುಳ್ಳನ್ನೇ ದಿಟ್ಟಿಸಿದ. “ಇಲ್ಲ ಮೇಡಂ. ನಾನೂ ನೋಡ್ತಾ ಇದೀನಿ.”

ಇಷ್ಟು ಹಸಿ ಸುಳ್ಳನ್ನು ಇಷ್ಟು ಸೌಜನ್ಯದಿಂದ ಹೇಳಿದ ವಿದ್ಯಾರ್ಥಿಯನ್ನು ಗಿರಿಜಾದೇವಿ ತಮ್ಮ ಸರ್ವಿಸ್ಸಿನಲ್ಲೇ ಕಂಡಿರಲಿಲ್ಲ.

ಪಿಳ್ಳಪ್ಪನವರು ಬೇರೆ ದಾರಿ ಹಿಡಿದರು. ಆಂಟೆನಾದವನೇ ಕೆಟ್ಟಿದೆ ಎನ್ನುತ್ತಾನೆ, ಅದಾದರೆ ತಿರುಗುತ್ತಿದೆ. ಕೆಟ್ಟುಹೋದದ್ದು ತನ್ನಷ್ಟಕ್ಕೆ ತಿರುಗುವುದೆಂದರೆ ಅದರ ಅರ್ಥ ಹಳ್ಳಿಯಲ್ಲಿ ಹುಟ್ಟಿ ಬೆಳೆದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅವರು ಸಂಜೆಯೇ ನಿಂಬೆಹಣ್ಣು, ಮೆಣಸಿನಕಾಯಿ ಸರ ತಂದು ಗೇಟಿಗೆ ಕಟ್ಟಿದರು. “ನಿಮ್ದೇನೂ ತಪ್ಪಿಲ್ಲ ಬುಡಿ ಸಾರ್,” ಎಂದು ಶಶಿಧರನ ಬೆನ್ನು ಸವರಿದರು. “ಕಂಬ ಊರಿದ ಗಳಿಗೆ ಸರಿ ಇಲ್ಲ ಅಷ್ಟೇಯ.”

ಖುಷಿಯಾಗಿದ್ದವರು ಮಂಗಮ್ಮ ಒಬ್ಬರೇ. ಮೆಟ್ಟಿಲಲ್ಲಿ ಸಿಕ್ಕಿ ಕೈ ತುಂಬ ಹಸಿ ಸಂಡಿಗೆ ಕೊಟ್ಟರು. “ತಿನ್ನಪ್ಪ ಶಶಿ. ನಿನ್ನ ಕಂಬ ಸುತ್ತಾಕ್ಕೊಂಡಾಗಿಂದ ಒಂದು ಕಾಗೆ ಇಳೀತಾ ಇಲ್ಲ ನೋಡು. ಪುಣ್ಯ ಬರ್ಲಿ ನಿಂಗೆ.”

“ಅಮ್ಮಾ, ಅದು ಸುತ್ತುತ್ತಾ ಇಲ್ಲ.”

“ಅಂಗೇ ಅನ್ನು. ಹೇಳ್ಕೊಂಡ್ರೆ ದೃಷ್ಟಿಯಾಯ್ತದೆ,” ಎಂದು ಕಣ್ಣು ಮಿಟುಕಿಸಿ ಹೋದರು.

ಶನಿವಾರ ಪೊಲೀಸು ಬಂದಿತು. ಹೆಡ್ ಕಾನ್‌ಸ್ಟೇಬಲ್ ಯುವರಾಜ್ ಸಾವಧಾನದ ಮನುಷ್ಯರು. ಬೈಕ್ ನಿಲ್ಲಿಸಿ, ಹೆಲ್ಮೆಟ್ ತೆಗೆದು, ಆಂಟೆನಾವನ್ನು ತಲೆಯೆತ್ತಿ ಒಮ್ಮೆ ನೋಡಿ, ಮೊದಲನೇ ಮಹಡಿಗೆ ಹತ್ತಿ ಬಂದರು. ಬೀದಿಯಲ್ಲಿ ಜನ ಆಗಲೇ ಸೇರಿದ್ದರು.

“ನೋಡಿ ಸ್ವಾಮಿ, ಕಂಪ್ಲೇಂಟ್ ಏನಂದ್ರೆ, ನಿಮ್ಮ ಆಂಟೆನಾ ಕಂಡೋರ ಮನೆ ಇಣುಕಿ ನೋಡುತ್ತಂತೆ.”

ಶಶಿಧರ ಲೈಸೆನ್ಸ್ ತೋರಿಸಿದ. ಅದು ಸರಿಯಾಗಿತ್ತು. ಅನಂತರ ಡಬ್ಬಿ ತೋರಿಸಿದ. “ಸಾರ್, ಇದು ಕೆಟ್ಟು ಮೂರು ದಿನ ಆಯ್ತು. ನೀವೇ ನೋಡಿ, ಒತ್ತುತಾ ಇದೀನಿ. ಮುಳ್ಳು ಏನಾದ್ರೂ ಅಲ್ಲಾಡ್ತಾ?”

“ಇಲ್ಲ,” ಎಂದರು ಯುವರಾಜ್.

“ತಿರುಗ್ತಾ ಐತೆ! ತಿರುಗ್ತಾ ಐತೆ!” ಎಂದು ಬೀದಿ ಕೂಗಿತು.

ಯುವರಾಜ್ ಬಾಲ್ಕನಿಗೆ ಹೋಗಿ ಹೊರಕ್ಕೆ ಬಾಗಿ ಮೇಲೆ ನೋಡಿದರು. ಸಜ್ಜಾ ಅಡ್ಡ ಬಂತು. ಮೆಟ್ಟಿಲಿಳಿದು ಬೀದಿಗೆ ಹೋದರು, ನೋಡಿದರು, ಏದುಸಿರು ಬಿಡುತ್ತಾ ಹತ್ತಿ ಬಂದರು. “ತಿರುಗ್ತಾ ಇದೆಯಲ್ರೀ.”

“ಹೇಗೆ ಸಾರ್ ತಿರುಗುತ್ತೆ? ಮುಳ್ಳು ನೋಡಿ.”

ಯುವರಾಜ್ ಮುಳ್ಳು ನೋಡಿದರು. ಮತ್ತೆ ಇಳಿದರು. ಶಶಿಧರ ಮತ್ತೆ ಒತ್ತಿದ. ಮತ್ತೆ ಹತ್ತಿ ಬಂದರು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಹೇಳಿದ್ದಾರೆ, ನಿಜ. ಆದರೆ ಆ ಹಿರಿಯರ ಮನೆಗೆ ಇಷ್ಟು ಕಡಿದಾದ ಮೆಟ್ಟಿಲು ಇದ್ದಿರಲಾರದು. ಮೂರನೇ ಸಲ ಹತ್ತಿದ ಯುವರಾಜ್ ಕುರ್ಚಿಗೆ ಬಿದ್ದು, ನೀರು ಕುಡಿದು, ಕಾನೂನು ಸುವ್ಯವಸ್ಥೆಯ ದೃಷ್ಟಿಯಿಂದ ಒಂದು ತೀರ್ಮಾನಕ್ಕೆ ಬಂದರು.

“ಈಗ ನಾನು ಕೂತ್ಕೊಂಡು ಒತ್ತುತೀನಿ. ನೀವು ಹೋಗಿ ನೋಡಿ.”

ಇಷ್ಟು ದಿನದಲ್ಲಿ ಗುಂಡಿಯನ್ನು ಬೇರೆಯವರ ಕೈಗೆ ಕೊಡಬೇಕೆಂದು ಶಶಿಧರನಿಗೆ ಹೊಳೆದಿರಲಿಲ್ಲ. ಬೀದಿಗೆ ಬಂದು ತಲೆಯೆತ್ತಿದ. ಎತ್ತಿದ ತಲೆ ಹಾಗೇ ನಿಂತಿತು. ಆಕಾಶದ ಹಿನ್ನೆಲೆಯಲ್ಲಿ ಅವನ ಆಂಟೆನಾ ರಾಜಗಾಂಭೀರ್ಯದಿಂದ ಪಶ್ಚಿಮ ದಾಟಿ ಉತ್ತರಕ್ಕೆ ಹೊರಟಿತ್ತು.

“ತಿರುಗ್ತಾ ಇದೆ!” ಎಂದು ಕಿರುಚಿದ. “ಮೇಡಂ, ತಿರುಗ್ತಾ ಇದೆ! ಮೋಟಾರು ಹೋಗಿಲ್ಲ! ಬರೀ ಮುಳ್ಳು ಹೋಗಿರೋದು! ಪಿಳ್ಳಪ್ಪೋರೇ, ತಿರುಗ್ತಾ ಇದೆ!” ಎನ್ನುತ್ತಾ ಪಿಳ್ಳಪ್ಪನವರನ್ನು ತಬ್ಬಿಕೊಂಡು ಎತ್ತಿ ಕುಣಿಸಿದ. ಮಂಡಿನೋವಿನ ಪಿಳ್ಳಪ್ಪನವರು ಮೂರು ಸುತ್ತು ಕುಣಿದೇಬಿಟ್ಟರು.

ಎರಡು ದಿನದಿಂದ ಅದನ್ನೇ ಹೇಳುತ್ತಿದ್ದ ಬೀದಿಗೆ ಏನು ಮಾಡಬೇಕೋ ತಿಳಿಯಲಿಲ್ಲ. ಕಳ್ಳನೇ ಬಂದು ‘ನಾನೇ ಕದ್ದೆ’ ಎಂದು ಲಡ್ಡು ಹಂಚಿದ ಹಾಗಿತ್ತು. ಯುವರಾಜ್ ಬಾಲ್ಕನಿಯಿಂದಲೇ ತೀರ್ಪು ಕೊಟ್ಟರು. “ತಿರುಗೋದು ತಪ್ಪಲ್ಲ, ಲೈಸೆನ್ಸ್ ಇದೆ. ಮುಳ್ಳು ತಿರುಗದೆ ಇರೋದೂ ತಪ್ಪಲ್ಲ. ಎಲ್ರೂ ಮನೆಗೆ ನಡೀರಿ.”

“ನಾಳೆ ಐದಕ್ಕೆ,” ಎಂದರು ಗಿರಿಜಾದೇವಿ, ಕೈಗಡಿಯಾರ ತಟ್ಟುತ್ತಾ.

ಕಾಯಿಲೆ ಗೊತ್ತಾಯಿತು, ಆದರೆ ಮದ್ದು ತಾರಸಿಯ ಮೇಲಿತ್ತು. ಮಂಗಮ್ಮನವರ ಬೀಗ ಬಿಚ್ಚಲಿಲ್ಲ. ಕಣ್ಣು ಕಟ್ಟಿಕೊಂಡು ಜಪಾನಿಗೆ ಗುರಿಯಿಡಬೇಕಾದ ಗತಿ ಬಂತು. ಆಗ ಶಾಂತಲಾ ಹೇಳಿದಳು. “ರೀ, ಗಂಡಸರು ತಾನೇ ಹತ್ತಬಾರದು? ಮಂಗಮ್ಮೋರು ಮೇಲೆ ನಿಂತು ನೋಡ್ಲಿ, ಈಶಾನ್ಯಕ್ಕೆ ಬಂದ ತಕ್ಷಣ ಕೂಗ್ಲಿ. ನಾನು ಮೆಟ್ಟಿಲಲ್ಲಿ ನಿಂತು ನಿಮಗೆ ಹೇಳ್ತೀನಿ.” ಶಶಿಧರ ಏನೋ ಹೇಳಲು ಬಾಯಿ ತೆರೆದ. “ಸಖತ್ ಐಡಿಯಾ ಅಂತೀರಿ, ಗೊತ್ತು,” ಎಂದು ಅವಳೇ ಮುಗಿಸಿದಳು.

ಭಾನುವಾರ ಐದಕ್ಕೆ ಶಶಿಧರನ ಕೋಣೆಯಲ್ಲಿ ಉಸಿರಾಡಲು ಜಾಗವಿರಲಿಲ್ಲ. ಮಂಚದ ಮೇಲೆ ಪಿಳ್ಳಪ್ಪ, ಬಾಗಿಲಲ್ಲಿ ಬೋರಣ್ಣ, ಬಾಲ್ಕನಿಯ ಕಿಟಕಿಯಲ್ಲಿ ಬೀದಿ. ಡ್ಯೂಟಿ ಇಲ್ಲದಿದ್ದರೂ ಯುವರಾಜ್ ಬಂದಿದ್ದರು. ಅವರು ಕುರ್ಚಿಯನ್ನು ಮೊದಲೇ ಹಿಡಿದಿದ್ದರು, ಮೆಟ್ಟಿಲ ಸಹವಾಸವೇ ಬೇಡವೆಂದು. ಭೂಗೋಳ ಕಲಿಸಿದ ತಮಗಿಂತ ಈಶಾನ್ಯ ಬಲ್ಲವರಾರು ಎಂದು ಗಿರಿಜಾದೇವಿ ಮಂಗಮ್ಮನವರ ಜೊತೆ ತಾರಸಿಗೆ ಹತ್ತಿದರು.

ಶಶಿಧರ ರೇಡಿಯೊ ಹಚ್ಚಿ, ದೇವರನ್ನು ನೆನೆದು ಗುಂಡಿ ಒತ್ತಿದ. ಈ ಕಂಬ ಇಳಿದರೆ ನಾಳೆಯಿಂದ ತನ್ನ ಮಾತು ಕೇಳುವವರು ಜಗತ್ತಿನಲ್ಲಿ ಯಾರೂ ಇಲ್ಲ ಎಂಬುದು ಅವನೊಬ್ಬನಿಗೇ ಗೊತ್ತಿತ್ತು.

“ನಿಲ್ಸು!” ಎಂದು ಮೇಲಿನಿಂದ ಮಂಗಮ್ಮ ಕೂಗಿದರು. “ನಿಲ್ಸಿ!” ಎಂದಳು ಶಾಂತಲಾ. ಬೆರಳು ತೆಗೆದ.

ರೇಡಿಯೊ ‘ಶ್’ ಎಂದಿತು. ಶಶಿಧರ ನಕಮುರರನ್ನು ಕರೆದ. ‘ಶ್’. ಇನ್ನೊಮ್ಮೆ ಕರೆದ. ಒಗ್ಗರಣೆಗೆ ಹಾಕಿದ ಸಾಸಿವೆಯಷ್ಟೂ ಸದ್ದಿಲ್ಲ.

“ಜಪಾನ್ ಮಲಗಿರಬೇಕು,” ಎಂದರು ಪಿಳ್ಳಪ್ಪ.

“ಈಶಾನ್ಯಾನೇನಾ ಅಂತ ಕೇಳು ಶಾಂತಾ!”

“ಈಶಾನ್ಯಾನೇ ಅಂತೆ. ಅವ್ರ ತುಳಸಿ ಕುಂಡದ ನೇರಕ್ಕೇ ಇದೆ ಅಂತೆ.”

ಇಲ್ಲಿ ಒಂದು ಮಾತು. ಹೊಸ ಬಡಾವಣೆಗಳಲ್ಲಿ ದಿಕ್ಕು ಎನ್ನುವುದು ಸೂರ್ಯನಿಂದ ಬರುವುದಿಲ್ಲ, ವಾಸ್ತುವಿನವರಿಂದ ಬರುತ್ತದೆ. ಬೋರಣ್ಣನವರ ರಾಶಿಗೆ ಉತ್ತರದ ಬಾಗಿಲೇ ಆಗಬೇಕೆಂದು ಮನೆ ಕಟ್ಟುವಾಗ ವಾಸ್ತುವಿನವರು ಹೇಳಿದ್ದರು. ಸೈಟು ನೋಡಿದರೆ ಪೂರ್ವದ ರಸ್ತೆಗಿತ್ತು. ಸೈಟನ್ನು ತಿರುಗಿಸಲಾಗದೆ ಅವರು ದಿಕ್ಕುಗಳನ್ನೇ ತಿರುಗಿಸಿ, ‘ರಸ್ತೆ ಕಡೆ ಉತ್ತರ ಅಂತ ಇಟ್ಟುಕೊಳ್ಳೋಣ’ ಎಂದು ಅಪ್ಪಣೆ ಕೊಡಿಸಿದರು. ಅಂದಿನಿಂದ ಆ ಮನೆಯಲ್ಲಿ ಸೂರ್ಯ ಉತ್ತರದಲ್ಲಿ ಹುಟ್ಟಿ ದಕ್ಷಿಣದಲ್ಲಿ ಮುಳುಗುತ್ತಿದ್ದ. ಮಂಗಮ್ಮನವರು ತೋರಿಸಿದ್ದು ಆ ಮನೆಯ ಈಶಾನ್ಯವನ್ನು, ಸೂರ್ಯನ ಲೆಕ್ಕದಲ್ಲಿ ಅದು ಆಗ್ನೇಯ.

ತಾರಸಿಯ ಮೇಲೆ ಗಿರಿಜಾದೇವಿಯವರ ದನಿ ಏರಿತು. “ಇದ್ಯಾವ ಈಶಾನ್ಯ ರೀ? ನಮ್ಮನೆ ದೇವರ ಮೂಲೆ ಆ ಕಡೆ ಇದೆ!” ಅವರ ಮನೆಗೂ ಒಬ್ಬ ವಾಸ್ತುವಿನವರು ಬಂದುಹೋಗಿದ್ದರು. ಮೇಲಾಗಿ, ಮೂವತ್ತು ವರ್ಷ ಗೋಡೆಗೆ ನಕ್ಷೆ ನೇತುಹಾಕಿ ಪಾಠ ಮಾಡಿದ ಅವರಿಗೆ ಉತ್ತರವೆಂದರೆ ಕರಿಹಲಗೆಯ ಮೇಲ್ತುದಿ. ತಾರಸಿಯಲ್ಲಿ ಕರಿಹಲಗೆ ಇರಲಿಲ್ಲ.

“ತುಳಸಿ ಕಡೆ ನಿಲ್ಸು ಶಶಿ!”

“ಮಿಸ್ಟರ್ ಶಶಿಧರ್, ಆ ಕಡೆ ಬೇಡ, ಈ ಕಡೆ ಒತ್ತಿ!”

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವ ಹಾಗಾಯಿತು. ಶಶಿಧರ ಮುಖ್ಯೋಪಾಧ್ಯಾಯಿನಿಯ ಅಪ್ಪಣೆಯಂತೆ ಒತ್ತಿದ. ಅವರ ಈಶಾನ್ಯ ಇದ್ದದ್ದು ದಕ್ಷಿಣದ ಆಚೆಗೆ. ಮೋಟಾರು ದಕ್ಷಿಣ ದಾಟದ್ದರಿಂದ ಇನ್ನೊಂದು ಗುಂಡಿ ಒತ್ತಿ, ಅದನ್ನು ಊರೆಲ್ಲ ಸುತ್ತಿಸಿಕೊಂಡು ಹೊರಟ. ‘ಶ್’ ಎನ್ನುತ್ತಲೇ ಇತ್ತು ರೇಡಿಯೊ.

“ಕುಣಿಯಲಾರದೋಳು ನೆಲ ಡೊಂಕು ಅಂದ್ಲಂತೆ,” ಎಂದು ಕಿಟಕಿಯಲ್ಲಿ ಯಾರೋ ಅಂದರು. ಬೋರಣ್ಣನವರು ನಿಟ್ಟುಸಿರು ಬಿಟ್ಟು, ನಾಳೆ ಕಂಬ ಇಳಿಸಲು ಎಷ್ಟು ಆಳು ಬೇಕಾದೀತೆಂದು ಪಿಳ್ಳಪ್ಪನವರನ್ನು ಮೆಲ್ಲಗೆ ಕೇಳತೊಡಗಿದರು.

ಅಷ್ಟರಲ್ಲಿ ‘ಶ್’ ಒಳಗಿನಿಂದ ಒಂದು ದನಿ ಎದ್ದಿತು. ದೂರದ ದನಿ, ಬರಬರುತ್ತಾ ಹತ್ತಿರವಾದ ದನಿ. “...ಶಶಿ ಸಾನ್... ಶಶಿ ಸಾನ್... ದಿಸ್ ಈಸ್ ನಕಮುರ...”

ಕೋಣೆ ಕಲ್ಲಾಯಿತು. ಶಶಿಧರನೂ ಕಲ್ಲಾದ, ಬೆರಳು ಮಾತ್ರ ಗುಂಡಿಯ ಮೇಲೇ ಉಳಿಯಿತು. ದನಿ ದೂರ ಸರಿದು ಮತ್ತೆ ‘ಶ್’ ಆಯಿತು.

“ಬೆರಳು ತೆಗೀರೀ!” ಎಂದು ಕುರ್ಚಿಯಿಂದ ಹಾರಿದರು ಯುವರಾಜ್. “ಹಿಂದಕ್ಕೆ! ರಿವರ್ಸ್, ರಿವರ್ಸ್!”

ಹಿಂದಕ್ಕೆ ಒತ್ತಿದ. ದನಿ ಮತ್ತೆ ಎದ್ದಿತು, ಪಕ್ಕದ ಮನೆಯಿಂದ ಮಾತಾಡಿದಷ್ಟು ಸ್ಪಷ್ಟವಾಯಿತು. ಬೆರಳು ತೆಗೆದ. ಆಂಟೆನಾ ನಿಂತಿತು.

“ಗುಡ್ ಈವನಿಂಗ್ ಶಶಿ ಸಾನ್! ಯುವರ್ ಸಿಗ್ನಲ್ ಈಸ್ ಫೈವ್ ನೈನ್, ಫೈವ್ ನೈನ್! ಹೌ ಈಸ್ ಯುವರ್ ಟೊಮ್ಯಾಟೊ? ಓವರ್!”

ಫೈವ್ ನೈನ್ ಎಂದರೆ ಹ್ಯಾಮ್‌ಗಳ ಲೆಕ್ಕದಲ್ಲಿ ಇದಕ್ಕಿಂತ ಚೆನ್ನಾಗಿ ಕೇಳಿಸಲಾರದು ಎಂದರ್ಥ. ಶಶಿಧರ ಮೈಕು ಹಿಡಿದ. ಮಾತಾಡಿದ. ತನ್ನ ಬೀದಿಯೆಲ್ಲ ಇಲ್ಲಿ ಕೂತಿದೆಯೆಂದ, ಟೊಮ್ಯಾಟೊ ಕೆಂಪಾಗಿದೆಯೆಂದ, ಬೆಂಗಳೂರಿನಲ್ಲಿ ಬಿಸಿಲು ಬಲವಾಗಿದೆಯೆಂದ. ಒಂದಾದ ಮೇಲೊಂದು ವಾಕ್ಯ, ಪ್ರತಿಯೊಂದಕ್ಕೂ ಅದರ ಕ್ರಿಯಾಪದ. ಒಸಾಕಾ ಕಾಯುತ್ತಿತ್ತು. ಅದರ ಜೊತೆಗೆ ಉತ್ತರಹಳ್ಳಿಯೂ ಬಾಯಿ ಮುಚ್ಚಿ ಕಾಯುತ್ತಿತ್ತು. ಇಷ್ಟು ಜನ ಒಟ್ಟಿಗೆ ತನ್ನ ಮಾತು ಕೇಳಿದ್ದು ಅವನ ಬಾಳಿನಲ್ಲಿ ಇದೇ ಮೊದಲು. ಅವನ ಕಣ್ಣು ತುಂಬಿ ಬಂತು.

ಗಿರಿಜಾದೇವಿ ದಡದಡ ಇಳಿದು ಬಂದರು. “ಎಷ್ಟು ಅಂದ್ರು? ಫಿಫ್ಟಿ ನೈನಾ? ಒಂದು ಮಾರ್ಕಲ್ಲಿ ಫಸ್ಟ್ ಕ್ಲಾಸ್ ಹೋಯ್ತು. ಇರಲಿ, ಪಾಸ್.”

ಚಪ್ಪಾಳೆ ಬಿತ್ತು. ಪಿಳ್ಳಪ್ಪನವರು ಸೀಟಿ ಹೊಡೆದರು. ಆ ಗದ್ದಲದಲ್ಲಿ ಶಾಂತಲಾ ಮೆಟ್ಟಿಲ ಕಡೆ ತಿರುಗಿ ಕೂಗಿದಳು. “ಮಂಗಮ್ಮೋರೇ, ಈಗ ಯಾವ ಕಡೆ ನಿಂತಿದೆ ನೋಡಿ! ಅದೇ ಈಶಾನ್ಯ, ಗುರುತು ಇಟ್ಕೊಳ್ಳಿ!”

“ನಮ್ಮ ಕಕ್ಕಸಿನ ಪೈಪಿನ ನೇರಕ್ಕೆ ಐತಲ್ಲವ್ವಾ!” ಎಂದು ಮಂಗಮ್ಮನವರ ದನಿ ಬೀದಿಗೆಲ್ಲ ಕೇಳುವಂತೆ ಇಳಿದು ಬಂತು.

ಚಪ್ಪಾಳೆ ನಿಂತಿತು. ಜಪಾನ್ ಇರುವುದು ಈಶಾನ್ಯದಲ್ಲಿ. ಜಪಾನ್ ಬಂದದ್ದು ಕಕ್ಕಸಿನ ಕಡೆಯಿಂದ. ದೇವರ ಮೂಲೆಯಲ್ಲಿ ಬೋರಣ್ಣನವರ ಕಕ್ಕಸು! ಕೋಣೆಯ ಕಣ್ಣುಗಳೆಲ್ಲ ಬಾಗಿಲ ಕಡೆ ತಿರುಗಿದವು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಹಾಗೆ ಬೋರಣ್ಣನವರು ಹೆಗಲ ಮೇಲಿನ ಟವೆಲ್ಲು ಸರಿಮಾಡಿಕೊಂಡರು.

“ನೋಡ್ರಪ್ಪಾ,” ಎಂದರು ಗಂಟಲು ಸರಿಮಾಡಿಕೊಂಡು. “ಇದು ಜಪಾನೇ ಅಂತ ಏನು ಗ್ಯಾರಂಟಿ? ಚಿಂತಾಮಣಿ ಕಡೆಯೋನು ಯಾವನೋ ಇಂಗ್ಲಿಷಲ್ಲಿ ಮಾತಾಡ್ತಿರಬೋದು. ನಮ್ಮ ವಾಸ್ತುವಿನೋರು ಸಣ್ಣಪುಟ್ಟೋರಲ್ಲ.”

ಕಂಬ ತಾರಸಿಯದು, ತಾರಸಿ ಬೋರಣ್ಣನವರದು. ಅವರು ಒಪ್ಪದಿದ್ದರೆ ಫೈವ್ ನೈನೂ ಇಲ್ಲ, ಏನೂ ಇಲ್ಲ. ಆದರೆ ಗಿರಿಜಾದೇವಿಯವರ ಮುಂದೆ ಪರೀಕ್ಷೆಯ ಫಲಿತಾಂಶ ಪ್ರಶ್ನಿಸಿದವರು ಯಾರೂ ಗೆದ್ದಿಲ್ಲ.

“ಮಿಸ್ಟರ್ ಶಶಿಧರ್, ಅವರ ಊರಲ್ಲಿ ಈಗ ಗಂಟೆ ಎಷ್ಟು ಕೇಳಿ,” ಎಂದರು.

ಕೇಳಿದ. “ಏಟ್ ಫಾರ್ಟಿ! ಐ ಫಿನಿಶ್ಡ್ ಡಿನ್ನರ್!” ಎಂದಿತು ಒಸಾಕಾ.

ಗಿರಿಜಾದೇವಿ ಕೈಗಡಿಯಾರ ನೋಡಿದರು. ಐದೂ ಹತ್ತು. “ಮೂರೂವರೆ ಗಂಟೆ ಮುಂದೆ. ಕರೆಕ್ಟ್. ಚಿಂತಾಮಣೀಲಿ ಯಾರೂ ಈಗ ಊಟ ಮುಗಿಸಿರಲ್ಲ ಬೋರಣ್ಣನವರೇ. ಇದು ಜಪಾನ್. ಆಂಟೆನಾ ಇರುತ್ತೆ.”

“ಇಷ್ಟು ವರ್ಷ ಹಪ್ಪಳ ಒಣಗಾಕಿವ್ನಿ,” ಎನ್ನುತ್ತಾ ಮಂಗಮ್ಮನವರೂ ಇಳಿದು ಬಂದರು. “ಸೂರ್ಯ ರೋಡ್ ಕಡೆ ಹುಟ್ತಾನೆ, ಅದೆಂಗ್ರೀ ಉತ್ತರ ಆಯ್ತದೆ ಅಂದ್ರೆ, ‘ನಮ್ಮ ರಾಶಿಗೆ ಅಂಗೇ ಕಣೆ’ ಅಂತ ಬಾಯಿ ಮುಚ್ಚಿಸಿದ್ರು. ಈಗ ಹೇಳ್ರೀ.”

ಬೋರಣ್ಣನವರು ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಯುವರಾಜ್ ಎದ್ದು ಶಶಿಧರನ ಕೈ ಕುಲುಕಿದರು. ಪಿಳ್ಳಪ್ಪನವರು ತಮ್ಮ ಮನೆಯ ಈಶಾನ್ಯವನ್ನೂ ಒಂದು ಸಲ ಇದರಿಂದಲೇ ನೋಡಿಕೊಡಬೇಕೆಂದು, ಆದರೆ ಯಾರಿಗೂ ಹೇಳಬಾರದೆಂದು ಕಿವಿಯಲ್ಲಿ ಕೇಳಿಕೊಂಡರು. ಬೀದಿ ಜಪಾನಿನ ಟೊಮ್ಯಾಟೊ ಕಾಳಜಿಯನ್ನು ಹೊಗಳುತ್ತಾ ಕರಗಿತು. ಶಶಿಧರ ಕುರ್ಚಿಗೆ ಒರಗಿ ಕೂತ. ಕಂಬ ಉಳಿದಿತ್ತು. ಗೆದ್ದಿದ್ದ. ಶಾಂತಲಾ ಕಾಫಿ ತಂದುಕೊಟ್ಟು, ಅವನು ಏನಾದರೂ ಹೇಳಲಿ ಎಂದು ಎದುರಿಗೆ ಕೂತು ಕಾದಳು.

ಎಲ್ಲರೂ ಹೋದರೂ ಬೋರಣ್ಣನವರು ಬಾಗಿಲಲ್ಲೇ ನಿಂತಿದ್ದರು. ಕೊನೆಗೆ ಒಳಗೆ ಬಂದು, ರೇಡಿಯೊ ಕಡೆ ಒಮ್ಮೆ, ಶಶಿಧರನ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು.

“ಶಶಿ ಸಾರ್, ಆಂಟೆನಾ ಇರ್ಲಿ. ನಮ್ಮನೇಲಿ ಇರೋಗಂಟ ನಿಮ್ದೇ ತಾರಸಿ ಅನ್ಕಳಿ. ನಂದೊಂದೇ ಒಂದು ರಿಕ್ವೆಸ್ಟು.”

“ಹೇಳಿ ಬೋರಣ್ಣೋರೇ.”

“ಒಳ್ಳೇ ಮನುಷ್ಯನಂಗೆ ಕಾಣ್ತಾರೆ ಆ ಜಪಾನ್‌ನೋರು. ಮುಂದಿನ್ವಾರ ಮಾತಾಡುವಾಗ ಒಂಚೂರು ಈ ಕಡೀಕೆ ಸರ್ಕೊಂಡು, ನಮ್ಮ ತುಳಸಿ ಕಡೆಯಿಂದ ಮಾತಾಡಕ್ಕೆ ಆಯ್ತದಾ ಅಂತ ಕೇಳಿ ನೋಡಿ.”